ತಮ್ಮಗ ಇಂಫಾಲದ ಹೆಣ್ಣು: ಹೈಜಿಂಗ್‌ಪೋಟಿಗೆ ಏನು ಒಯ್ಯೂದು?

ಕೊಥ್ರೂಡ್ ಅಕ್ಕ:
ನಾವು ಧಾರವಾಡದವರು, ಪುಣೆಗೆ ಬಂದು 19 ವರ್ಷ ಆತು. ತಮ್ಮ ಹಿಂಜವಡಿಯಾಗ ಜೋಡಿ ಕೆಲಸ ಮಾಡೋ ಮೈತೇಯಿ, ಅಂದ್ರ ಮಣಿಪುರದ ಒಂದು ಸಮುದಾಯದ ಹುಡುಗೀನ ಮೆಚ್ಚ್ಯಾನ. ಅವಳ ಅಪ್ಪ-ಅವ್ವ ವಿಮಾನನಗರದಾಗ ಇರ್ತಾರ. ಮುಂದಿನ ತಿಂಗಳ ಅಲ್ಲೇ ಹೈಜಿಂಗ್‌ಪೋಟ್, ಅಂದ್ರ ನಮ್ಮ ನಿಶ್ಚಯ ಇದ್ದಂಗ. ಹಣ್ಣು, ಮಿಠಾಯಿ ಗಂಡಿನವರು ಒಯ್ಯಬೇಕಂತ. ಎಷ್ಟು ಅಂತ ಹುಡುಗೀನ ಕೇಳಿದ್ರ ನಗತಾಳ.

ಹುಡುಗಿ ಭಾಳ ನಯ. ಅವ್ವನ ಮುಂದ ಹಾಯೂವಾಗ ಬಾಗಿ, ಬಲಗೈ ಮುಂದ ಚಾಚಿ ಹೋದಳು. "ಏನ ಬಿತ್ತವಾ, ಏನ ಹುಡುಕತಿ?" ಅಂದ್ಲು ನಮ್ಮವ್ವ! ಆದ್ರ ಅವಳ ಚಿಕ್ಕಮ್ಮ "ನಾವು ಓಡಿಹೋಗಿ ಲಗ್ನ ಆದವರು" ಅಂತ ನಕ್ಕೋತ ಹೇಳಿದಾಗಿಂದ ಅವ್ವಗ ನಿದ್ದಿಲ್ಲ.

ಖಡಕಿ ಫೌಜಿ:
ಅಕ್ಕಾ, ಅವ್ವಗೆ ಧೈರ್ಯ ಹೇಳಿ. ನಾನು ಇಂಫಾಲದಲ್ಲಿ 3 ವರ್ಷ ಇದ್ದೆ. ಅಲ್ಲಿ ಅದು ಮುಚ್ಚಿಡೋ ಮಾತೇ ಅಲ್ಲ. ಹುಡುಗ ಕರೆದುಕೊಂಡು ಹೋದ ಮೇಲೆ ಅವನ ಮನೆಯ ಹಿರಿಯರು ಹೆಣ್ಣಿನ ಮನೆಗೆ ಹೋಗಿ ಸುದ್ದಿ ಮುಟ್ಟಿಸುತ್ತಾರೆ, ಎರಡೂ ಕಡೆಯವರು ಕೂತು ಮದುವೆ ಮಾಡಿಸುತ್ತಾರೆ. ಹೋಳಿ ಹುಣ್ಣಿಮೆಯಿಂದ 5 ದಿನ ಅವರ ಯಾವೋಷಾಂಗ್ ಹಬ್ಬ. ರಾತ್ರಿ ಥಾಬಲ್ ಚೊಂಗ್ಬ, ಬೆಳದಿಂಗಳ ಕುಣಿತ. ಗುರುತಿಲ್ಲದ ಹುಡುಗ-ಹುಡುಗಿಯರೂ ಕೈಕೈ ಹಿಡಿದು ಸುತ್ತು ಕುಣೀತಾರೆ, ಹಿರಿಯರು ಪಕ್ಕದಲ್ಲೇ ಕೂತು ನೋಡ್ತಾರೆ. ಈಗ ಬ್ಯಾಂಡಿನ ಗದ್ದಲಕ್ಕೆ ಬೆಳದಿಂಗಳೂ ಓಡಿಹೋಗುತ್ತೆ, ಅದು ಬೇರೆ ಮಾತು.

ಔಂಧ್ ಸೊಸೆ:
ನಮ್ಮ ಮೈದುನನ ಹೆಂಡತಿಯೂ ಮೈತೇಯಿಯೇ. ಹಣ್ಣು-ಮಿಠಾಯಿ ಬುಟ್ಟಿ ಲೆಕ್ಕ ಹುಡುಗಿಗಲ್ಲ, ಅವಳ ತಾಯಿಗೆ ಕೇಳಿ. ಧಾರವಾಡ ಪೇಡೆ ಖಂಡಿತ ಇರಲಿ. ಅವರಲ್ಲಿ 7 ಸಲಾಯಿ, ನಮ್ಮ ಗೋತ್ರದ ಹಾಗೆ. ಒಂದೇ ಸಲಾಯಿಯೊಳಗೆ ಕೊಟ್ಟು ತರೋದಿಲ್ಲ, ನಿಮಗೆ ಆ ತೊಡಕಿಲ್ಲ. ಮದುವೆ ದಿನ ನಿಮ್ಮ ತಮ್ಮ ಸುಮ್ಮನೆ ಕೂತಿರಬೇಕು. ವಧುವೇ ಹೂ ಹಾಕುತ್ತ 7 ಸುತ್ತು ಬರ್ತಾಳೆ. ಸಂಕೀರ್ತನೆ ನಡೆಯುವಾಗ ಯಾರೂ ನಡುವೆ ಎದ್ದು ಓಡಾಡಬೇಡಿ, ನಮ್ಮ ಮಾವನವರು ಫೋನ್ ಬಂತು ಅಂತ ಎದ್ದು ಎಲ್ಲರ ಕಣ್ಣಿಗೆ ಬಿದ್ದಿದ್ದರು.

ಇನ್ನೊಂದು: ಕಾರ್ತಿಕ ಶುದ್ಧ ಬಿದಿಗೆಗೆ ನಿಂಗೋಲ್ ಚಾಕೌಬ. ಮದುವೆಯಾದ ಹೆಣ್ಣುಮಕ್ಕಳನ್ನೆಲ್ಲ ತವರಿಗೆ ಕರೆದು ಊಟ, ಉಡುಗೊರೆ. ಅವಳನ್ನು ಅಂದು ಮನೆಯಲ್ಲಿ ಹಿಡಿದಿಟ್ಟುಕೊಳ್ಳಬೇಡಿ.

ಕೊಥ್ರೂಡ್ ಅಕ್ಕ:
ಅಯ್ಯ, ಅದು ಭಾವುಬೀಜ, ಅಕ್ಕ-ತಮ್ಮರ ಹಬ್ಬದ ದಿನಾನ ಅಲ್ಲೇನ್ರಿ! ನಾನು ತಮ್ಮನ ಮನಿಗೆ ಊಟಕ್ಕ ಹೋಗೂದು, ಅವಳು ತವರಿಗೆ. ಹಂಗಂದ್ರ ಅಡಗಿ ಯಾರು ಮಾಡೂದು? ಇವತ್ತಿಂದ ತಮ್ಮಗ ಕುಕ್ಕರ್ ಹಚ್ಚಾಕ ಕಲಿಸತೇನಿ.