ಸಹಾಯ ಬೇಕು: ಜೆಪೆಗ್ ಚಿತ್ರದಲ್ಲಿ ಬಚ್ಚಿಟ್ಟ ಸಂದೇಶದ ಪತ್ತೆ

ಎಲ್ಲರಿಗೂ ನಮಸ್ಕಾರ. ಎಫ್5 ವಿಧಾನದಲ್ಲಿ ಗುಟ್ಟಾಗಿ ಸಂದೇಶ ಸೇರಿಸಿದ ಜೆಪೆಗ್ ಚಿತ್ರಗಳನ್ನು ಗುರುತಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ಎಂ.ಟೆಕ್ ಪ್ರಾಜೆಕ್ಟಿಗಾಗಿ. ಎಫ್5 ಬದಲಾಯಿಸಬೇಕಾದ ಗುಣಾಂಕವನ್ನು (ಜೆಪೆಗ್ ಚಿತ್ರವನ್ನು ಉಳಿಸಿಡುವ ಸಂಖ್ಯೆಗಳಲ್ಲಿ ಒಂದನ್ನು) ಸೊನ್ನೆಯ ಕಡೆಗೆ ಒಂದು ಹೆಜ್ಜೆ ಇಳಿಸುತ್ತದೆ. ಹಾಗಾಗಿ ಸೊನ್ನೆಗಳು ಹೆಚ್ಚುತ್ತವೆ, ಸುಳಿವು ಸಿಗುವುದು ಅಲ್ಲೇ.

ಹೋಲಿಸಲು ಮೂಲ ಚಿತ್ರ ಕೈಯಲ್ಲಿರುವುದಿಲ್ಲವಲ್ಲ! ಅದಕ್ಕೆ ಈ ಬಗೆಯ ಪತ್ತೆಯ ಸಂಶೋಧಕಿ ಜೆಸ್ಸಿಕಾ ಫ್ರಿಡ್ರಿಕ್ ಮತ್ತು ಸಂಗಡಿಗರ ಉಪಾಯವನ್ನು ಹಿಡಿದಿದ್ದೇನೆ: ಚಿತ್ರವನ್ನು ಬಿಚ್ಚಿ, ಅಂಚಿನ 4 ಪಿಕ್ಸೆಲ್ ಕತ್ತರಿಸಿ, ಅದೇ ಕ್ವಾಂಟೈಸೇಷನ್ ಕೋಷ್ಟಕದಿಂದ (ಗುಣಾಂಕಗಳನ್ನು ಎಷ್ಟು ಒರಟಾಗಿ ದುಂಡಾಗಿಸಬೇಕು ಎಂಬ ಪಟ್ಟಿಯಿಂದ) ಮತ್ತೆ ಕುಗ್ಗಿಸುವುದು. ಜೆಪೆಗ್ ಚಿತ್ರವನ್ನು ಹಂಚಿಕೊಳ್ಳುವ 8×8 ಪಿಕ್ಸೆಲ್ ಚೌಕಗಳ ಗಡಿ ಸರಿಯುವುದರಿಂದ ಮೂಲದ ಹಿಸ್ಟೋಗ್ರಾಂ (ಯಾವ ಗುಣಾಂಕ ಎಷ್ಟು ಸಲ ಬಂದಿದೆ ಎಂಬ ಲೆಕ್ಕ) ಹೆಚ್ಚುಕಡಿಮೆ ಮರಳಿ ಸಿಗುತ್ತದೆ. ಕ್ಯಾಮೆರಾದ ಕಚ್ಚಾ ಚಿತ್ರಗಳಿಂದ ತಯಾರಿಸಿದ ಜೆಪೆಗ್‌ಗಳ ಮೇಲೆ ಇದು ಸೊಗಸಾಗಿ ನಡೆಯುತ್ತದೆ.

ಎಡವುತ್ತಿರುವುದು ಎರಡು ಸಲ ಕುಗ್ಗಿಸಿದ ಚಿತ್ರಗಳಲ್ಲಿ. ಮೊದಲು 70ರ ಗುಣಮಟ್ಟದಲ್ಲಿದ್ದು, ಆಮೇಲೆ 85ರಲ್ಲಿ ಉಳಿಸಿದ ಚಿತ್ರವನ್ನು ಕೊಟ್ಟರೆ, ಒಳಗೆ ಏನೂ ಇಲ್ಲದಿದ್ದರೂ ಪ್ರೋಗ್ರಾಂ ‘ಸಂದೇಶ ಇದೆ’ ಎನ್ನುತ್ತದೆ. ಅಕ್ಕನ ಮದುವೆಯ ಫೋಟೋಗಳೆಲ್ಲ ಗೂಢಚಾರರ ಪತ್ರಗಳಾಗಿ ಕುಳಿತಿವೆ!

ಇದನ್ನು ಸರಿಪಡಿಸಲು ಮೊದಲ ಸಲ ಕುಗ್ಗಿಸಿದಾಗಿನ ಕೋಷ್ಟಕ ಗೊತ್ತಾಗಬೇಕು. ಅದನ್ನು ಹಿಸ್ಟೋಗ್ರಾಂನಿಂದ ಅಂದಾಜು ಮಾಡಿದವರು ಯಾರಾದರೂ ಇದ್ದೀರಾ? ಸಾಧ್ಯವಿರುವ ಕೋಷ್ಟಕಗಳನ್ನು ಒಂದೊಂದಾಗಿ ಪ್ರಯತ್ನಿಸುವುದೇ ದಾರಿಯೋ, ಚುರುಕಾದ ಬೇರೆ ಕ್ರಮವಿದೆಯೋ? ನ್ಯೂರಲ್ ನೆಟ್‌ವರ್ಕ್ ಸದ್ಯಕ್ಕೆ ಬೇಡ, ನನ್ನ ಹಳೆಯ ಲ್ಯಾಪ್‌ಟಾಪ್ ತಡೆಯುವುದಿಲ್ಲ. ಪೈಥಾನ್ ಕೋಡ್ ಬೇಕೆಂದರೆ ಇಲ್ಲೇ ಹಾಕುತ್ತೇನೆ.