ಗ್ವಾಟೆಮಾಲದ ಅತಿತ್ಲಾನ್ ಸರೋವರ: ಅಪ್ಪ-ಅಮ್ಮನ ಜೊತೆ ಮೂರು ರಾತ್ರಿ, ಯಾವ ಊರಲ್ಲಿ ಉಳಿಯೋದು?

ಮೂಡಿಗೆರೆ_ಮಳೆ
ಜನವರಿ ಎರಡನೇ ವಾರ ಹೊರಡೋದು ಖಚಿತ. ವೀಸಾ, ವಿಮಾನ ಎಲ್ಲ ಮುಗಿದಿದೆ. ಗ್ವಾಟೆಮಾಲದ ಆಂಟಿಗ್ವಾ ಊರಿಂದ ಅತಿತ್ಲಾನ್‌ಗೆ ಬಂದು ಮೂರು ರಾತ್ರಿ ಇರ್ತೀವಿ. ಅಪ್ಪ-ಅಮ್ಮ ಇಬ್ಬರಿಗೂ ಅರವತ್ತು ದಾಟಿದೆ. ಅಮ್ಮನಿಗೆ ಮಂಡಿನೋವು, ಜೊತೆಗೆ ಶುದ್ಧ ಸಸ್ಯಾಹಾರಿ. ಅಪ್ಪನಿಗೆ ಅಲ್ಲಿನ ಕಾಫಿ ತೋಟ ನೋಡಲೇಬೇಕಂತೆ. ಸಾನ್ ಮಾರ್ಕೋಸ್, ಸಾನ್ ಪೆದ್ರೊ ಎರಡೂ ಫೋಟೊದಲ್ಲಿ ಚೆನ್ನಾಗಿ ಕಾಣ್ತವೆ. ಎಲ್ಲಿ ಉಳಿದರೆ ಒಳ್ಳೇದು? ದೋಣಿ ಪ್ರಯಾಣ ವಯಸ್ಸಾದವರಿಗೆ ಆಗುತ್ತಾ?

ಬೇಲೂರು_ದಾರಿ
ಮಂಡಿನೋವು ಇದ್ದರೆ ಪನಹಚೆಲ್‌ನಲ್ಲೇ ಉಳಿಯಿರಿ. ಸುತ್ತಲಿನ ಊರುಗಳಲ್ಲಿ ಹೆಚ್ಚುಕಮ್ಮಿ ಸಮತಟ್ಟಾಗಿರೋದು ಅದೊಂದೇ. ಉಳಿದವು ದಡದಿಂದ ನೇರ ಗುಡ್ಡಕ್ಕೇ ಹತ್ತುತ್ತವೆ. ಸಾಂತಾ ಕ್ರೂಸ್‌ನಲ್ಲಂತೂ ಊರು ದೋಣಿಕಟ್ಟೆಯಿಂದ ಬಹಳ ಮೇಲಿದೆ.

ಅಲ್ಲಿ ದಿನದ ಲೆಕ್ಕ ಹಾಕಬೇಕಾದ್ದು ಗಾಳಿ ನೋಡಿಕೊಂಡು. ಸರೋವರ ಸುಮಾರು 1,560 ಮೀಟರ್ ಎತ್ತರದಲ್ಲಿದೆ, ಆಳ 300 ಮೀಟರಿಗೂ ಹೆಚ್ಚು. ಬೆಳಗ್ಗೆ ನೀರು ಅಲುಗಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೆಸಿಫಿಕ್ ಕರಾವಳಿಯ ಬಿಸಿಗಾಳಿ ಜ್ವಾಲಾಮುಖಿಗಳ ಸಂದಿಯಿಂದ ಮೇಲೆ ಬಂದು ಬೆಟ್ಟದ ತಂಪುಗಾಳಿಗೆ ಸೇರುತ್ತೆ, ಅಲೆ ಏಳುತ್ತೆ. ಅದಕ್ಕೆ ಷೊಕೊಮಿಲ್ ಅಂತಾರೆ. ಆಗ ಲಾಂಚಾ ಅನ್ನೋ ಪ್ರಯಾಣಿಕರ ದೋಣಿಯ ಮೂತಿ ಮೇಲೆದ್ದು ನೀರಿಗೆ ಧಡಾರ್ ಅಂತ ಬೀಳುತ್ತೆ, ಮುಂದಿನ ಹಲಗೆಯಲ್ಲಿ ಕೂತವರ ಬೆನ್ನುಮೂಳೆಗೆ ಪ್ರತಿ ಏಟೂ ತಗಲುತ್ತೆ. ಹಾಗಾಗಿ ಅಮ್ಮನನ್ನು ಹಿಂದೆ, ಎಂಜಿನ್ ಹತ್ತಿರ ಕೂರಿಸಿ. ಬೆಳಗ್ಗೆ 8ಕ್ಕೆ ಹೊರಟು 12ರೊಳಗೆ ವಾಪಸ್ ಬಂದುಬಿಟ್ಟರೆ ತೊಂದರೆಯೇ ಇಲ್ಲ. ಕೊನೇ ದೋಣಿ ಸಂಜೆ 5ರ ಸುಮಾರಿಗೆ ಇರುತ್ತೆ, ಅದನ್ನು ನಂಬಿಕೊಂಡು ಹೋಗಬೇಡಿ.

ಪನಹಚೆಲ್‌ನಲ್ಲಿ ದೋಣಿಕಟ್ಟೆ ಎರಡು, ಜನ ಎಡವೋದು ಇಲ್ಲೇ. ಸಾಂತಾ ಕ್ರೂಸ್, ಸಾನ್ ಮಾರ್ಕೋಸ್, ಸಾನ್ ಹುವಾನ್, ಸಾನ್ ಪೆದ್ರೊ ಕಡೆಗೆ ಒಂದು. ಸಾಂತಿಯಾಗೊ ಅತಿತ್ಲಾನ್‌ಗೆ ಬೇರೆಯದು. ದುಡ್ಡನ್ನು ಇಳಿಯುವಾಗ ದೋಣಿಯವನ ಕೈಗೇ ಕೊಡಿ, ದಡದಲ್ಲಿ ಕರೆಯುವ ದಲ್ಲಾಳಿಗಳಿಗಲ್ಲ. ದೂರ ನೋಡಿಕೊಂಡು ತಲೆಗೆ 10ರಿಂದ 30 ಕೆತ್ಸಾಲ್ (ಅಲ್ಲಿನ ಹಣ) ಆಗುತ್ತೆ. ಚಿಲ್ಲರೆ ಇಟ್ಟುಕೊಂಡಿರಿ. "ಸಾರ್ವಜನಿಕ ದೋಣಿ ಇವತ್ತಿಲ್ಲ, ನಮ್ಮದನ್ನೇ ಮಾಡ್ಕೊಳ್ಳಿ" ಅಂತ ಯಾರಾದರೂ ಅಂದರೆ ಸ್ವಲ್ಪ ಹೊತ್ತು ಕಾಯಿರಿ, ದೋಣಿ ತುಂಬಿದ ಕೂಡಲೇ ಹೊರಡುತ್ತೆ.

ಸರೋವರಕ್ಕೆ ಹೊರಗೆ ಹರಿಯುವ ಹೊಳೆ ಇಲ್ಲ, ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತೆ. ಹಳೇ ಕಟ್ಟೆಗಳು ಮುಳುಗಿ, ಕೆಲವು ಕಡೆ ಮರದ ಹಲಗೆ ಮೇಲೆ ಇಳಿಯಬೇಕು. ಅಮ್ಮನ ಕೈ ಹಿಡಿಯಲು ಒಬ್ಬರು ಮೊದಲೇ ಇಳಿದು ನಿಲ್ಲಿ.

ಸಕಲೇಶಪುರ_ಕಣ
ಅಪ್ಪಾಜಿಗೆ ಸಾನ್ ಹುವಾನ್ ಲಾ ಲಗೂನಾ ತೋರಿಸಿ. ಸಣ್ಣ ಹಿಡುವಳಿದಾರರ ಕಾಫಿ ಸಹಕಾರ ಸಂಘ ಇದೆ, ತೋಟದಿಂದ ಹುರಿಯುವ ತನಕ ಸುತ್ತಾಡಿಸಿ ತೋರಿಸ್ತಾರೆ. ಗ್ವಾಟೆಮಾಲದ ಕಾಫಿ ಮಂಡಳಿ ಅನಾಕಫೆ ಗುರುತಿಸಿರುವ ಎಂಟು ಕಾಫಿ ಪ್ರದೇಶಗಳಲ್ಲಿ ಅತಿತ್ಲಾನ್ ಒಂದು.

ಜನವರಿ ಸರಿಯಾದ ಕಾಲ. ನಮ್ಮಲ್ಲಿ ಅರೇಬಿಕಾ ಕುಯ್ಲು ಮುಗಿಯುತ್ತಾ ಬರುವಾಗ ಅಲ್ಲಿ ಜೋರಾಗಿರುತ್ತೆ, ಮಾರ್ಚ್‌ವರೆಗೂ ನಡೆಯುತ್ತೆ. ಬೂರ್ಬೋನ್, ಕತೂರ, ಕತುವಾಯಿ ತಳಿಗಳನ್ನು ಹೆಚ್ಚು ನೋಡ್ತೀರಿ. ನಮ್ಮ ಎಸ್.795 ಕಾಫಿ ತಳಿ ನೋಡಿ ಪಳಗಿದ ಕಣ್ಣಿಗೆ ಕತೂರದ ಗಿಡ್ಡ ಗಿಡ, ಒತ್ತೊತ್ತಾದ ಗಿಣ್ಣು ತಕ್ಷಣ ಗೊತ್ತಾಗುತ್ತೆ. ತುಕ್ಕು ರೋಗ ಹೇಗೆ ತಡೀತಾರೆ ಅಂತ ಅಪ್ಪಾಜಿ ಕೇಳಲಿ. ಈ ತಳಿಗಳಿಗೆ ತುಕ್ಕು ಬೇಗ ಹತ್ತುತ್ತೆ. 2012-13ರಲ್ಲಿ ಮಧ್ಯ ಅಮೆರಿಕದ ತೋಟಗಳೆಲ್ಲ ಅದರಿಂದ ನಲುಗಿದ್ದವು. ನೆರಳಿಗೆ ಸಿಲ್ವರ್ ಓಕ್ ಅಲ್ಲೂ ಇದೆ, ಗ್ರವಿಲೆಯಾ ಅಂತಾರೆ. ಹಣ್ಣನ್ನು ಅದೇ ದಿನ ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ಕೊಳೆಸಿ, ತೊಳೆದು, ಕಣದಲ್ಲಿ ಒಣಗಿಸ್ತಾರೆ. ಪಲ್ಪಿಂಗ್ ನೀರು ಎಲ್ಲಿಗೆ ಬಿಡ್ತೀರಿ ಅನ್ನೋದನ್ನೂ ಕೇಳಿ, ಹೊರಗೆ ಹರಿಯದ ಸರೋವರಕ್ಕೆ ಅದು ದೊಡ್ಡ ವಿಚಾರ.

ನಮ್ಮ ಕಡೆಯವರು ಗ್ವಾಟೆಮಾಲ ಅಂದ ಕೂಡಲೇ ಏಲಕ್ಕಿ ಕೇಳ್ತಾರೆ. ಅದು ಮುಖ್ಯವಾಗಿ ಉತ್ತರದ ಆಲ್ತಾ ವೆರಾಪಾಸ್ ಕಡೆಯ ಬೆಳೆ, ಸರೋವರದ ದಡದಲ್ಲಿ ಹುಡುಕಬೇಡಿ. ಇನ್ನೊಂದು, ಹುರಿದ ಕಾಫಿ ಎಷ್ಟಾದರೂ ತನ್ನಿ, ಬಿತ್ತನೆ ಬೀಜ, ಸಸಿ ಮಾತ್ರ ಬೇಡವೇ ಬೇಡ. ಪರವಾನಗಿ ಇಲ್ಲದೆ ತರುವುದು ಕಾನೂನಿಗೂ ವಿರುದ್ಧ, ಹೊಸ ರೋಗ ಬಂದರೆ ಇಡೀ ಮಲೆನಾಡಿಗೇ ಪೆಟ್ಟು.

ಮೂಡಿಗೆರೆ_ಮಳೆ
ತುಂಬಾ ಉಪಕಾರ ಆಯ್ತು ಸರ್. ಊಟದ್ದು ಹೇಗೆ? ಸಾಂತಿಯಾಗೊಗೂ ಹೋಗಬಹುದಾ? ನೀರಿಗೆ ಇಳಿಯಬಹುದಾ?

ಕೊಪ್ಪದ_ಕಾವ್ಯ
ಊಟ ಸಿಗುತ್ತೆ, ಕೇಳೋ ರೀತಿ ಸರಿಯಿರಬೇಕು. ಜೋಳದ ತೊರ್ತಿಯಾ, ಕಪ್ಪು ಹುರುಳಿಕಾಯಿ ಬೀಜದ ಫ್ರಿಹೋಲೆಸ್, ಬೆಣ್ಣೆಹಣ್ಣು, ಹುರಿದ ಬಾಳೆಹಣ್ಣು ಎಲ್ಲ ಕಡೆ ಇರುತ್ತೆ. ಆದರೆ ಫ್ರಿಹೋಲೆಸ್ ಅರೆದು ಹುರಿಯುವಾಗ ಹಂದಿಕೊಬ್ಬು ಹಾಕೋದುಂಟು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸೋದುಂಟು. "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು, ಕೋಳಿಯನ್ನು ಕೆಲವರು ಆ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಮಾಂತೇಕಾ, ಸಿನ್ ಕಾಲ್ದೊ" (ಮಾಂಸ, ಕೋಳಿ, ಹಂದಿಕೊಬ್ಬು, ಮಾಂಸದ ಸಾರು ಬೇಡ) ಅಂತ ನಾಲ್ಕನ್ನೂ ಚೀಟಿಯಲ್ಲಿ ಬರೆದಿಟ್ಟು ತೋರಿಸಿ. ನಲ್ಲಿ ನೀರು ಕುಡಿಯಬೇಡಿ.

ಸಾಂತಿಯಾಗೊಗೆ ಖಂಡಿತ ಹೋಗಿ. ಅದು ತ್ಸುತುಹಿಲ್ ಜನರ ಊರು, ಪನಹಚೆಲ್ ಕಡೆ ಕಾಕ್ಚಿಕೆಲ್ ಜನ. ಇಬ್ಬರದ್ದೂ ಮಾಯಾ ಭಾಷೆಗಳೇ, ಸ್ಪ್ಯಾನಿಷ್ ಅಲ್ಲಿ ಅನೇಕರಿಗೆ ಎರಡನೇ ಭಾಷೆ. ವಯಸ್ಸಾದ ಹೆಂಗಸರು ತಲೆಗೆ ಕೆಂಪು ಪಟ್ಟಿಯನ್ನು ಸುತ್ತುಸುತ್ತಾಗಿ, ತಟ್ಟೆ ಅಗಲಕ್ಕೆ ಸುತ್ತಿರ್ತಾರೆ. ಜೇಬಿನ 25 ಸೆಂತಾವೊ ನಾಣ್ಯ ತೆಗೆದು ನೋಡಿ, ಅದರ ಮೇಲಿರೋದು ಆ ಊರಿನ ಹೆಣ್ಣುಮಗಳ ಮುಖವೇ. ಕೇಳದೆ ಫೋಟೊ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. ಊರಿನವರು ಪೂಜಿಸುವ ಮಾಷಿಮೋನ್ ದೇವರ ಮೂರ್ತಿ ಒಂದೊಂದು ವರ್ಷ ಒಬ್ಬೊಬ್ಬರ ಮನೆಯಲ್ಲಿರುತ್ತೆ, ಆಟೋದವರಿಗೆ ಹೇಳಿದರೆ ಕರೆದೊಯ್ತಾರೆ. ಕಾಣಿಕೆ ಬೇರೆ, ಫೋಟೊ ಕಾಸು ಬೇರೆ. ಅಂದಹಾಗೆ ಅಲ್ಲಿನ ಆಟೋಗಳಲ್ಲಿ ಹೆಚ್ಚಿನವು ನಮ್ಮ ಬಜಾಜ್‌ನವೇ, ಅಮ್ಮನಿಗೆ ಹತ್ತಲು ಏನೂ ಹೊಸತಲ್ಲ.

ಊರಿನ ಪಕ್ಕದ ನೀರಿಗೆ ಇಳಿಯಬೇಡಿ, ಚರಂಡಿ ಅಲ್ಲಿಗೇ ಸೇರುತ್ತೆ. 2009ರಲ್ಲಿ ನೀಲಿಹಸಿರು ಪಾಚಿ ಸರೋವರದ ದೊಡ್ಡ ಭಾಗಕ್ಕೆ ಹರಡಿತ್ತು. ನೀರಿನ ಮೇಲೆ ಹಸಿರು ಅಥವಾ ಕಂದು ಕೆನೆ ಕಂಡರೆ ಕಾಲೂ ಅದ್ದಬೇಡಿ.

ಬೇಲೂರು_ದಾರಿ
ಒಂದು ಬಿಟ್ಟುಹೋಗಿತ್ತು. ಮೇಲಿರುವ ಸೊಲೊಲಾ ಊರಿಂದ ಪನಹಚೆಲ್‌ಗೆ ಇಳಿಯುವ 8 ಕಿಲೋಮೀಟರ್ ಚಾರ್ಮಾಡಿ ಘಾಟಿ ಥರವೇ, ತಿರುವಿನ ಮೇಲೆ ತಿರುವು. ವಾಂತಿ ಮಾತ್ರೆಯನ್ನು ಆಂಟಿಗ್ವಾ ಬಿಡುವ ಮುಂಚೆಯೇ ಕೊಡಿ. ಅಲ್ಲಿನ ಬಣ್ಣಬಣ್ಣದ ಲೋಕಲ್ ಬಸ್ಸು ಬೇಡ, ಸಾಮಾನು ಹೊತ್ತು ಎರಡು-ಮೂರು ಕಡೆ ಬದಲಿಸಬೇಕಾಗುತ್ತೆ. ಶಟಲ್ ವ್ಯಾನ್ ಹಿಡಿದರೆ ಎರಡೂವರೆ-ಮೂರು ಗಂಟೆ. ರಾತ್ರಿ ಚಳಿ ಸುಮಾರು 10 ಡಿಗ್ರಿಗೆ ಇಳಿಯುತ್ತೆ, ಎಷ್ಟೋ ಕೋಣೆಗಳಲ್ಲಿ ಹೀಟರ್ ಇರೋದಿಲ್ಲ, ಸ್ವೆಟರ್ ಮರೆಯಬೇಡಿ. ಮಂಗಳವಾರ ಅಥವಾ ಶುಕ್ರವಾರ ಸಿಕ್ಕರೆ ಸೊಲೊಲಾ ಸಂತೆಗೆ ಬೆಳಗ್ಗೆಯೇ ಹೋಗಿ.