ಗೂಗಲ್‌ನಲ್ಲಿ ಮೊದಲ ಸ್ಥಾನ ಅಂತ ಬರೆದುಕೊಡಬಹುದಾ?

ಪ್ರಶ್ನೆ: ವೆಬ್‌ಸೈಟುಗಳನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರೋ ಕೆಲಸ (ಎಸ್‌ಇಒ) ನನ್ನದು. ಕ್ಲೈಂಟ್ ಒಪ್ಪಂದದಲ್ಲೇ ಮೊದಲ ಸ್ಥಾನದ ಗ್ಯಾರಂಟಿ ಕೇಳ್ತಿದ್ದಾರೆ, ದುಡ್ಡು ಕೊಟ್ಟು ಬೇರೆ ಸೈಟುಗಳಲ್ಲಿ ತಮ್ಮ ಸೈಟಿಗೆ ಲಿಂಕ್ ಹಾಕಿಸೋಕೂ ರೆಡಿ. ಏನು ಬರೆಯೋದು ಸರಿ?

ಉತ್ತರ 1: ಗ್ಯಾರಂಟಿ ಬೇಡವೇ ಬೇಡ. ಯಾರೂ ಅದನ್ನು ಕೊಡೋಕಾಗಲ್ಲ ಅಂತ ಗೂಗಲ್ಲೇ ಹೇಳುತ್ತೆ. ಸ್ಥಾನದ ಬದಲು ಕೆಲಸ ಬರೆಯಿರಿ: ಎಷ್ಟು ಪುಟ ತಿದ್ದುತ್ತೀರಿ, ಯಾವ ದೋಷ ಸರಿಪಡಿಸುತ್ತೀರಿ, ವರದಿ ಯಾವಾಗ. ವರದಿಯಲ್ಲಿ ಬ್ರ್ಯಾಂಡ್ ಹೆಸರಿನ ಹುಡುಕಾಟವನ್ನು ಬೇರೆ ತೋರಿಸಿ. ಅಂಗಡಿ ಹೆಸರು ಹೊಡೆದರೆ ಅಂಗಡಿ ಮೊದಲು ಬರೋದು ನಿಮ್ಮ ಸಾಧನೆಯಲ್ಲ!

ಉತ್ತರ 2: ಲಿಂಕ್ ವಿಷಯ ಇನ್ನೂ ಗಂಭೀರ. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳೋದು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ. ಹುಡುಕಾಟದ ಲೆಕ್ಕಾಚಾರಕ್ಕೆ ಗೂಗಲ್ ತಂದ 2012ರ ಪೆಂಗ್ವಿನ್ ಅಪ್‌ಡೇಟ್ ಇಂಥದ್ದಕ್ಕೇ ಬಂದದ್ದು. ಜಾಹೀರಾತು ಲಿಂಕ್ ಆದರೆ 'ಸ್ಪಾನ್ಸರ್ಡ್' (ದುಡ್ಡು ಕೊಟ್ಟದ್ದು) ಅನ್ನೋ ಗುರುತು ಲಿಂಕ್‌ನ ಕೋಡ್‌ನಲ್ಲಿ ಇರಲಿ. ಮ್ಯಾನುಯಲ್ ಆ್ಯಕ್ಷನ್ (ಗೂಗಲ್ ಸಿಬ್ಬಂದಿ ಪರಿಶೀಲಿಸಿ ಹಾಕುವ ದಂಡ) ಬಿದ್ದರೆ ಪೆಟ್ಟು ಕ್ಲೈಂಟ್ ಸೈಟಿಗೆ: ಲಿಂಕ್ ತೆಗೆಸಬೇಕು, ಆಗದ್ದನ್ನು ಡಿಸ್‌ಅವೌ (ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ತಿಳಿಸೋದು) ಮಾಡಬೇಕು, ಮರುಪರಿಶೀಲನೆ ಕೋರಬೇಕು. ಈ ಅಪಾಯವನ್ನು ಮೊದಲೇ ಬರಹದಲ್ಲಿ ತಿಳಿಸಿ. ಆಮೇಲೂ ಹಟ ಹಿಡಿದರೆ ಕೆಲಸ ಬಿಡಿ.

ಉತ್ತರ 3: ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ಸೈಟ್ ಹೇಗಿದೆ ಅಂತ ತೋರಿಸೋ ಗೂಗಲ್ ಸಾಧನ), ಅನಲಿಟಿಕ್ಸ್ (ಸೈಟಿಗೆ ಬಂದವರ ಲೆಕ್ಕ), ಡೊಮೇನ್ (ಸೈಟಿನ ವಿಳಾಸ) ಮೂರೂ ಕ್ಲೈಂಟ್ ಹೆಸರಲ್ಲೇ ಇರಲಿ. ಕನ್ಸೋಲ್‌ನಲ್ಲಿ ನಿಮಗೆ 'ಫುಲ್ ಯೂಸರ್' ಸಾಕು, ಓನರ್ ಅವರೇ.